ಅಯ್ಯಮ್ಮನ ಕಪ್ಪು ರೂಪಾಯಿಗಳು

ಹಾಲಿ ಸಿಕ್ಕಾ ಇನ್ನು ನಡೆಯುವುದಿಲ್ಲ, ನಿಜಾಮನ ರೂಪಾಯಿ ಇದ್ದವರು ಗಡುವಿನೊಳಗೆ ಖಜಾನೆಗೆ ಕೊಟ್ಟು ದೇಶದಲ್ಲೆಲ್ಲ ನಡೆಯುವ ಕಲ್ದಾರ ರೂಪಾಯಿ ತೆಗೆದುಕೊಳ್ಳಬೇಕು ಎಂದು ಸಗರದಲ್ಲಿ ಡಂಗುರ ಹೊಡೆದ ದಿನ, ಅಯ್ಯಮ್ಮ ಡಂಗುರದವನನ್ನೇ ಅಡ್ಡಗಟ್ಟಿ ಬೈದಳು.

“ನಡಿಯಂಗಿಲ್ಲ ಅಂದ್ರ? ಅದಕ್ಕೇನು ಕಾಲು ಮುರದಾವೇನು?”

“ನನಗೇನು ಗೊತ್ತಬೇ? ಸರ್ಕಾರ ಹೇಳ್ಯಾದ, ನಾ ಬಾರಿಸಾಕತ್ತೇನಿ.”

“ಸರ್ಕಾರ ಹೇಳಿದ್ರ ನೀ ನಿನ್ನ ತಲಿನೂ ಬಾರಿಸ್ಕೋತಿ, ಹೋಗು.”

ಅಯ್ಯಮ್ಮನಿಗೆ ಸಿಟ್ಟು ಬರಲು ಕಾರಣ ಬೇಕಾಗಿರಲಿಲ್ಲ. ಆದರೆ ಈ ಸಲ ಕಾರಣ ಇತ್ತು. ಆಕೆ ರೂಪಾಯಿ ಕೂಡಿಡುತ್ತಿದ್ದಳು. ಊರಲ್ಲಿ ಕೂಡಿಡುವವರು ಬೇರೆಯವರೂ ಇದ್ದರು, ಅವರು ಕಷ್ಟಕ್ಕೆಂದು ಕೂಡಿಡುವವರು. ಅಯ್ಯಮ್ಮ ಕೂಡಿಟ್ಟದ್ದು ಮುಖಗಳನ್ನು. ಒಂದರಂತೆ ಇನ್ನೊಂದಿದ್ದರೆ ಕೈಯಿಂದ ಮುಟ್ಟುತ್ತಿರಲಿಲ್ಲ. ರಾಣಿಯದು ಒಂದು, ಬೋಳುತಲೆಯ ರಾಜನದು ಒಂದು, ಕಿರೀಟದ ರಾಜನದು ಒಂದು, ಚಾರ್‌ಮಿನಾರಿನದು ಒಂದು, ಅದೇ ಚಾರ್‌ಮಿನಾರಿನ ಬಾಗಿಲೊಳಗೆ ಬೇರೆ ಅಕ್ಷರ ಇದ್ದದ್ದು ಇನ್ನೊಂದು, ಯಾವ ರಾಜನದೆಂದು ಯಾರಿಗೂ ಗೊತ್ತಿಲ್ಲದ ದಪ್ಪನೆಯ ಹಳೇದು ಮತ್ತೊಂದು. ಊರ ಹೆಂಗಸರು ಅದಕ್ಕೆ ಅಯ್ಯಮ್ಮನ ದರ್ಬಾರ ಎಂದು ಹೆಸರಿಟ್ಟಿದ್ದರು. “ನನ್ನ ಹೇಣ್ತಿ ಚೀಲದಾಗ ಇಷ್ಟು ಮಂದಿ ರಾಜರು ಆರಾಮ ಕುಂತಾರ, ನಾ ಬಿಸಲಾಗ ಕುರಿ ಹಿಂದ ಅಡ್ಡಾಡ್ತೀನಿ” ಎಂದು ಗಂಡ ಬಾಲಪ್ಪ ನಗುತ್ತಿದ್ದ.

ಆ ದರ್ಬಾರದಲ್ಲಿ ಎರಡು ಪಂಗಡ. ಮೊದಲನೆಯದು ಉಣ್ಣೆಯ ರೂಪಾಯಿಗಳು. ಅಯ್ಯಮ್ಮನ ತವರಿನಲ್ಲಿ ಒಂದು ರೂಢಿ ಇತ್ತು, ಮದುವೆಯಾಗಿ ಬರುವಾಗ ಅದನ್ನೂ ಜೊತೆಗೆ ತಂದಿದ್ದಳು. ಉಣ್ಣೆ ಕೊಳ್ಳುವವನು ಮೊದಲನೆಯ ರೂಪಾಯಿಯನ್ನು ಕೈಗೆ ಕೊಡಬಾರದು, ಉಣ್ಣೆಯ ರಾಶಿಯ ಮೇಲೆ ಇಡಬೇಕು. ಅದು ಕುಲದೇವರು ಬೀರಪ್ಪನದು, ಖರ್ಚು ಮಾಡುವಂತಿಲ್ಲ. ಅದರ ಮೇಲೆ ಚಿಟಿಕೆ ಭಂಡಾರದ ಅರಿಶಿನ ಉದುರಿಸಿ, ಅದು ಬಿದ್ದ ಜಾಗದ ಉಣ್ಣೆಯನ್ನೇ ಕಿತ್ತು ಅದರೊಳಗೆ ಸುತ್ತಿ ದಾರ ಬಿಗಿಯಬೇಕು. ಬಿಗಿದ ಮೇಲೆ ಬಿಚ್ಚಬಾರದು. ಯಾವ ದಾರದ ಒಳಗೆ ಯಾವ ಮುಖ ಇದೆ ಎಂಬುದು ಅಯ್ಯಮ್ಮನಿಗೆ ಬಾಯಿಪಾಠ.

ಅವರ ಮನೆಯ ಉಣ್ಣೆ ಕೊಳ್ಳುತ್ತಿದ್ದವನು ಶಹಾಪುರದ ಲಾಡ್ಲೇಸಾಬ. ಅಯ್ಯಮ್ಮನ ಹುಚ್ಚು ಅವನಿಗೆ ಚೆನ್ನಾಗಿ ಗೊತ್ತು. ವರ್ಷವಿಡೀ ಕೈಗೆ ಬಂದ ರೂಪಾಯಿಗಳಲ್ಲಿ ಆಕೆ ನೋಡದ ಮುಖ ಸಿಕ್ಕರೆ ತೆಗೆದಿಟ್ಟು, ಉಣ್ಣೆ ಕತ್ತರಿಸುವ ಕಾಲಕ್ಕೆ ತಂದು ರಾಶಿಯ ಮೇಲೆ ಇಡುತ್ತಿದ್ದ. “ನೋಡವ್ವಾ, ಈ ಸಲ ಗಡ್ಡದ ರಾಜ ಬಂದಾನ. ನಿಮ್ಮ ಯಜಮಾನನಂಗ ಗುರುಗುಟ್ಟಾಕತ್ತಾನ.”

ಎರಡನೆಯ ಪಂಗಡ ಆಕೆ ತಾನೇ ಹಟಕ್ಕೆ ಬಿದ್ದು ಶಹಾಪುರ ಪೇಟೆಯ ನೀಲಕಂಠ ಸಾವುಕಾರನ ಅಂಗಡಿಯಲ್ಲಿ ಕೊಂಡವು. ಅವು ಬಿಳಿ ಅರಿವೆಯಲ್ಲಿ ಇರುತ್ತಿದ್ದವು, ಮನೆಗೆ ಬಂದವರಿಗೆಲ್ಲ ಬಿಚ್ಚಿ ತೋರಿಸುವುದಕ್ಕೆ. ಅವುಗಳಲ್ಲಿ ಮುಖ್ಯವಾದದ್ದು ಹಂದಿ ರೂಪಾಯಿ. ಅದು ರಾಜನ ಎದೆಯ ಮೇಲೆ ಆನೆ ಬಿಡಿಸಲು ಹೋಗಿ ಹಂದಿಯಂತೆ ಕಂಡು, ಜನ ಗಲಾಟೆ ಮಾಡಿ, ಸರ್ಕಾರ ವಾಪಸು ತೆಗೆದುಕೊಂಡ ರೂಪಾಯಿ. ಸಿಗುವುದು ಅಪರೂಪ. ಅದಕ್ಕಾಗಿ ಅಯ್ಯಮ್ಮ ಎರಡು ಕುರಿಮರಿ ಕೊಟ್ಟಿದ್ದಳು. ಲಾಡ್ಲೇಸಾಬ ಬಂದಾಗಲೆಲ್ಲ ಅದನ್ನು ಅವನ ಮೂಗಿನ ಮುಂದೆ ಹಿಡಿದು ಕಾಡಿಸುವುದು ಆಕೆಗೊಂದು ಆಟ. ಅವನು, “ತೆಗಿ ಅತ್ಲಾಗ, ಮೈಲಿಗಿ” ಎಂದು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಈಗ ಹಾಲಿ ರೂಪಾಯಿ ಖಜಾನೆಗೆ ಕೊಡಬೇಕೆಂದರೆ ದರ್ಬಾರದ ಗತಿ ಏನು? ಚಾರ್‌ಮಿನಾರುಗಳನ್ನೂ ಕೊಡಬೇಕೋ, ಇಟ್ಟುಕೊಂಡರೆ ತಪ್ಪೋ? ಕೇಳಲೆಂದು ಅಯ್ಯಮ್ಮ ಸಂತೆಯ ದಿನ ಎರಡೂ ಗಂಟು ಉಡಿಯಲ್ಲಿ ಕಟ್ಟಿಕೊಂಡು ನೀಲಕಂಠನ ಅಂಗಡಿಗೆ ಹೋದಳು.

ನೀಲಕಂಠ ಗಾದಿಯ ಮೇಲೆ ಕೂತಿದ್ದ. ಪೊಲೀಸ್ ಕಾರ್ಯಾಚರಣೆಯ ಹಿಂದಿನ ದಿನದವರೆಗೆ ಅವನ ತಲೆಯ ಮೇಲೆ ರುಮಾಲು ಇತ್ತು, ಮರುದಿನದಿಂದ ಬಿಳಿ ಟೋಪಿ. ತಲೆ ಮಾತ್ರ ಅದೇ.

“ಇದರಾಗ ಹಾಲಿ ಯಾವು, ಕಲ್ದಾರ ಯಾವು, ಬಿಚ್ಚಿ ನೋಡಬೇಕಲ್ಲ ಅಯ್ಯಮ್ಮ. ಉಣ್ಣಿ ಉಂಡಿ ನೋಡಿ ನಾ ಏನು ಹೇಳ್ಲಿ?”

“ಒಳಗ ಏನದ ನಾ ಬಾಯಿಲೆ ಹೇಳ್ತೀನಿ. ಬಿಚ್ಚಂಗಿಲ್ಲರಿ ಸಾವುಕಾರ್ರ. ಬೀರಪ್ಪಂದು.”

“ಬೀರಪ್ಪ ಬಂದು ಖಜಾನ್ಯಾಗ ಪಾಳಿ ಹಚ್ತಾನೇನು?”

ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ಅಯ್ಯಮ್ಮ ಹಲ್ಲು ಕಚ್ಚಿ, ಮನಸ್ಸಿನಲ್ಲೇ ತಪ್ಪಾಯಿತೆಂದು ಬೀರಪ್ಪನಿಗೆ ಹೇಳಿ, ಮೊದಲನೆಯ ದಾರ ಹರಿದಳು.

ಒಳಗಿದ್ದದ್ದು ಕಪ್ಪು. ಹಂಚಿನ ತಳದಷ್ಟು ಕಪ್ಪು. ಲಾಡ್ಲೇಸಾಬ ಇಟ್ಟಾಗ ಕಣ್ಣು ಕುಕ್ಕುವಂತೆ ಹೊಳೆದಿದ್ದ ರಾಣಿ, ಮಸಿ ಬಳಿದ ಭೂತದಂತೆ ಕೂತಿದ್ದಳು. ಎರಡನೆಯದು ಬಿಚ್ಚಿದಳು. ಅದೂ ಕಪ್ಪು. ಬೋಳುತಲೆಯ ರಾಜ, ಗಡ್ಡದ ರಾಜ, ಎಲ್ಲರದೂ ಒಂದೇ ಬಣ್ಣ.

ನೀಲಕಂಠ ಒಂದನ್ನೆತ್ತಿ ಹೆಬ್ಬೆರಳಿನಿಂದ ಉಜ್ಜಿದ. ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಅದನ್ನು ನೋಡಿದ. ಆಮೇಲೆ ಆಕೆಯ ಬಿಳಿ ಅರಿವೆಯ ಗಂಟನ್ನು ನೋಡಿದ. ಗಿರಾಕಿಗಳು ಹೋಗುವವರೆಗೂ ಸುಮ್ಮನಿದ್ದು, ಸಣ್ಣ ದನಿಯಲ್ಲಿ ಹೇಳಿದ.

“ಖೊಟ್ಟಿ.”

“ಏನಂದ್ರಿ?”

“ಖೊಟ್ಟಿ ರೂಪಾಯಿ. ಒಂದಲ್ಲ, ಎಲ್ಲಾ. ಬೆಳ್ಳಿ ಎಲ್ಲ್ಯಾರ ಹಿಂಗ ಕರ್ರಗಾಗ್ತದೇನು? ನಿನ್ನ ಕಾಲಾಗಿನ ಕಡಗ ನೋಡು. ಕಪ್ಪಾಗ್ಯಾವೇನು? ನಾ ಕೊಟ್ಟ ರೂಪಾಯಿ ನೋಡು, ಹೆಂಗ ಹೊಳಿತಾವ. ಯಾರು ಕೊಟ್ಟಾರ ಇವನ್ನ?”

“ಲಾಡ್ಲೇಸಾಬ ಮಾಮಾ.”

 ನೀಲಕಂಠ ಹುಬ್ಬು ಏರಿಸಿದ. ಆ ಹುಬ್ಬು ಮಾತಿಗಿಂತ ಕೆಟ್ಟದಾಗಿತ್ತು.

“ಬಡದು ನೋಡ್ಲೇನ್ರಿ ಕಲ್ಲಿಗಿ?”

“ಈಗಿನ ಖೊಟ್ಟಿ ಗುಡಿ ಗಂಟಿಗಿಂತ ಚಂದ ಬಾರಿಸ್ತದ. ಸದ್ದು ನಂಬಬ್ಯಾಡ, ಬಣ್ಣ ನಂಬು. ನೋಡಲ್ಲಿ, ನೀ ನಮ್ಮಾಕಿ ಅಂತ ಹೇಳ್ತೀನಿ. ಇವನ್ನ ಮನ್ಯಾಗ ಇಟ್ಕೊಂಡ್ರ ಠಾಣ್ಯಾಗಿನ ಹೊಸ ಅಮೀನ ನಿನಗ ಹೆಡಮುರಗಿ ಕಟ್ತಾನ. ಇಲ್ಲೇ ಬಿಟ್ಟು ಹೋಗು, ನಾ ಹಾಳು ಬಾವ್ಯಾಗ ಒಗಿತೀನಿ. ಯಾರ ಮುಂದನೂ ಬಾಯಿ ಬಿಡಬ್ಯಾಡ.”

ನೀಲಕಂಠನ ಲೆಕ್ಕ ಸರಿಯಾಗಿಯೇ ಇತ್ತು. ಆ ವರ್ಷ ಅವನ ಅಂಗಡಿಯಲ್ಲಿ ಹೀಗೆ ಹೆದರಿ ರೂಪಾಯಿ ಬಿಟ್ಟು ಹೋದ ಹೆಂಗಸರು ಎಷ್ಟೋ. ಅವನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಅಯ್ಯಮ್ಮನ ಸಿಟ್ಟನ್ನು. ಆಕೆ ಹೆದರುವ ಬದಲು ಕಪ್ಪು ರೂಪಾಯಿಗಳನ್ನು ಬಾಚಿ ಉಡಿಗೆ ಹಾಕಿಕೊಂಡು ಎದ್ದಳು. “ಏ ಅಯ್ಯಮ್ಮ, ನಿಂದ್ರಬೇ” ಎಂದು ಅವನು ಗಾದಿಯಿಂದ ಇಳಿಯುವಷ್ಟರಲ್ಲಿ ಆಕೆ ಸಂತೆಯ ನಡುವೆ ಇದ್ದಳು.

ಲಾಡ್ಲೇಸಾಬ ತಕ್ಕಡಿ ಹಿಡಿದು ಕುರುಬರ ಉಣ್ಣೆ ತೂಗುತ್ತಿದ್ದ. ಅರವತ್ತರ ಹತ್ತಿರದ ಮನುಷ್ಯ, ಮೈತುಂಬ ಉಣ್ಣೆಯ ಎಳೆ. ಅಯ್ಯಮ್ಮನನ್ನು ಕಂಡು, “ಬಾರವ್ವಾ, ಹಂದಿ ತಂದೀಯೇನು ಇವತ್ತೂ?” ಎಂದ. ಅಷ್ಟರಲ್ಲಿ ಕಪ್ಪು ರೂಪಾಯಿ ಒಂದು ಅವನ ಎದೆಗೆ ಬಡಿದು ಕೆಳಗೆ ಬಿತ್ತು.

“ಮಾಮಾ ಅಂತ ಕರದ್ನೆಲ್ಲೋ ನಿನಗ! ಖೊಟ್ಟಿ ರೂಪಾಯಿ ಇಟ್ಟು ನಮ್ಮ ಬೀರಪ್ಪಗ ಮೋಸ ಮಾಡಿದೆಲ್ಲೋ! ಒಂದು ವರ್ಷ ಅಲ್ಲ, ಎರಡು ವರ್ಷ ಅಲ್ಲ, ನಾ ಮದಿವ್ಯಾಗಿ ಬಂದಾಗಿಂದ!”

ಲಾಡ್ಲೇಸಾಬ ಬಗ್ಗಿ ಅದನ್ನೆತ್ತಿ, ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ನೋಡಿದ. “ಇದು ನಾ ಕೊಟ್ಟದ್ದೇನವ್ವಾ?”

“ಮತ್ತ ನಿಮ್ಮಪ್ಪ ಕೊಟ್ಟನೇನು?”

“ನಾ ಬೆಳ್ಳಗಿದ್ದದ್ದು ಇಟ್ಟಿದ್ದೆ. ಇದು ಹೆಂಗ ಕರ್ರಗಾತೋ ನನಗ ತಿಳಿವಲ್ದು. ಅಲ್ಲಾನ ಆಣಿ.”

“ತಿಳಿವಲ್ದಂತ! ಕೇಳ್ರಿ ಎಲ್ಲಾರೂ, ತಿಳಿವಲ್ದಂತ!”

ಅಯ್ಯಮ್ಮನ ಗಂಟಲು ಮೂರು ಹೊಲದಾಚೆಯ ಕುರಿ ತಿರುಗಿಸುವ ಗಂಟಲು. ಸಂತೆ ಎಂಬ ಸಂತೆಯೇ ಬಂದು ಸುತ್ತ ನಿಂತಿತು. ರೂಪಾಯಿ ಕೈಯಿಂದ ಕೈಗೆ ಹೋಯಿತು. ಮುಟ್ಟಿದವರ ಬೆರಳೂ ಕಪ್ಪಾಯಿತು, ಅಷ್ಟೇ ಸಾಕ್ಷಿ ಸಾಕಾಯಿತು. “ಮನ್ಯಾಗ ಅಚ್ಚಿನ ಮಿಷನ್ ಇಟ್ಟಾನಂತ” ಎಂದು ಒಬ್ಬ ಹೇಳಿದ. ಆ ಮಾತು ಗುಂಪನ್ನು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಮಿಷನ್ ಕಣ್ಣಾರೆ ಕಂಡವರು ನಾಲ್ಕು ಜನ ಹುಟ್ಟಿದ್ದರು. ರಜಾಕಾರರ ಗಲಾಟೆ, ಆಮೇಲೆ ಮಿಲಿಟರಿ ಬಂದ ಗಲಾಟೆ, ಎರಡೂ ಮುಗಿದು ಕೆಲವೇ ವರ್ಷ. ಆ ಕಾಲದಲ್ಲಿ ಒಬ್ಬ ಸಾಬನ ಮೇಲೆ ಒಂದು ಮಾತು ಬಿದ್ದರೆ ಅದನ್ನು ಯಾರೂ ತೂಗಿ ನೋಡುತ್ತಿರಲಿಲ್ಲ. ಲಾಡ್ಲೇಸಾಬ ಎರಡೂ ಗಲಾಟೆಯಲ್ಲಿ ಯಾರ ತಂಟೆಗೂ ಹೋಗದೆ, ತಕ್ಕಡಿ ಬಿಡದೆ ಬದುಕಿದವನು. ಈಗ ತಕ್ಕಡಿ ಅಲ್ಲೇ ಬಿತ್ತು. ಪೊಲೀಸರಿಬ್ಬರು ಬಂದು ಅವನ ತೋಳು ಹಿಡಿದು ನಡೆಸಿಕೊಂಡು ಹೋದರು. ಅವನು ಹಿಂದಿರುಗಿ ನೋಡಲಿಲ್ಲ.

ಅಯ್ಯಮ್ಮ ಸಗರಕ್ಕೆ ಬಂದಾಗ ಇನ್ನೂ ಬಿಸಿಲಿತ್ತು, ಆಕೆಯ ಸಿಟ್ಟೂ ಇತ್ತು. ಬಾಲಪ್ಪ ಹಟ್ಟಿಯ ಮುಂದೆ ಕುಂಟು ಕುರಿಯೊಂದರ ಗೊರಸು ಕೆತ್ತುತ್ತಿದ್ದ. ಕಥೆಯೆಲ್ಲ ಕೇಳಿ, ಚಾಕು ಕೆಳಗಿಟ್ಟ.

“ನೀ ಬಡದು ನೋಡಿದಿ?”

“ಬಣ್ಣ ನೋಡಿದೆ.”

“ಬಣ್ಣ ನೋಡಿದ್ರ ನಾನೂ ಖೊಟ್ಟೀನೇ.”

“ನಗಬ್ಯಾಡ! ಇವತ್ತ ನನ್ನ ಮುಂದ ಯಾರೂ ನಗಬ್ಯಾಡ್ರಿ!” ಅಯ್ಯಮ್ಮ ಒಳಗೆ ಹೋಗಿ ಕೊಡಲಿ ತಂದಳು. ಇನ್ನು ಇವು ಯಾರ ಕೈಗೂ ಹೋಗಬಾರದು, ಯಾರನ್ನೂ ಮೋಸ ಮಾಡಬಾರದು, ತುಂಡು ತುಂಡಾಗಬೇಕು. ಕಪ್ಪು ರಾಣಿಯನ್ನು ಹಟ್ಟಿಯ ಮುಂದಿನ ಹಾಸುಗಲ್ಲಿನ ಮೇಲಿಟ್ಟು, ಕೊಡಲಿಯ ಅಲಗಿನಿಂದ ಒಂದು ಏಟು ಹಾಕಿದಳು. ರೂಪಾಯಿ ಮುರಿಯಲಿಲ್ಲ, ಬಾಗಿತು. ಇನ್ನೆರಡು ಏಟಿಗೆ ಹರಿಯಿತು.

ಹರಿದ ಅಂಚು ಬೆಳ್ಳಗಿತ್ತು. ಕೊಬ್ಬರಿ ಮುರಿದಂತೆ ಬೆಳ್ಳಗೆ, ಈ ತುದಿಯಿಂದ ಆ ತುದಿಯವರೆಗೆ.

ಅಯ್ಯಮ್ಮ ಕೊಡಲಿ ಎತ್ತಿದವಳು ಹಾಗೆಯೇ ನಿಂತಳು. ಬಾಲಪ್ಪ ತುಂಡನ್ನೆತ್ತಿ ನೋಡಿ, ಅಂಗಿಯ ತೋಳು ಮೇಲಕ್ಕೆಳೆದ. ಅವನ ರಟ್ಟೆಯ ಮೇಲೆ ಕರೀ ಕಂಬಳಿ ದಾರದಲ್ಲಿ ಕಟ್ಟಿದ ಬೆಳ್ಳಿಯ ತಾಯತ ಇತ್ತು. ದಾರ ತಾಗಿದ ಕಡೆಯೆಲ್ಲ ಅದೂ ಕಪ್ಪು, ಮೈಗೆ ಉಜ್ಜುವ ಕಡೆ ಬಿಳಿ.

“ಉಣ್ಣಿ ಮಾಡಿದ್ದಬೇ ಇದು. ಹಸೀ ಉಣ್ಣ್ಯಾಗ ಬೆಳ್ಳಿ ಇಟ್ರ ಕರ್ರಗಾಗ್ತದ.”

“ಮದ್ಲೇ ಯಾಕ ಹೇಳ್ಲಿಲ್ಲ?”

“ನೀ ಬಿಚ್ಚಿ ತೋರ್ಸಿದಿ?”

ಅಯ್ಯಮ್ಮ ಬಿಳಿ ಅರಿವೆಯ ಗಂಟು ಬಿಚ್ಚಿ ಹಂದಿ ರೂಪಾಯಿ ತೆಗೆದಳು. ಊರಿಗೆಲ್ಲ ತೋರಿಸಿದ್ದು, ಎರಡು ಮರಿ ಕೊಟ್ಟು ತಂದದ್ದು, ಫಳಫಳ ಹೊಳೆಯುತ್ತಿದ್ದದ್ದು. ಅದರ ಮೇಲೆ ಒಂದೇ ಏಟು. ಅದು ಬಾಗಲಿಲ್ಲ, ಹರಿಯಲಿಲ್ಲ, ಹಪ್ಪಳದಂತೆ ಪಟ್ಟನೆ ಮುರಿದು ಎರಡು ಕಡೆ ಹಾರಿತು. ಒಳಗೆ ಕಂಚು. ಮೇಲೆ ಕೂದಲೆಳೆಯಷ್ಟು ಕಲಾಯಿ.

“ಗುಡಿ ಗಂಟಿಗಿಂತ ಚಂದ ಬಾರಿಸ್ತದ ಅಂದ” ಎಂದಳು ಅಯ್ಯಮ್ಮ. “ಕಂಚು ಬಾರಿಸದ ಏನು ಮಾಡ್ತದ! ಅವಗ ಗೊತ್ತಿತ್ತು. ಹೊಲಸು ಬಾಯವಗ ಎಲ್ಲಾ ಗೊತ್ತಿತ್ತು. ಹಲ್ಕಟ್ಟ!” ಬೈಯುತ್ತಾ ಬೈಯುತ್ತಾ ಆಕೆಗೆ ಬೈಗುಳ ಸಾಲದಾಯಿತು. ಯಾಕೆಂದರೆ ನೀಲಕಂಠ ಹೇಳಿದ್ದು ಸಣ್ಣ ದನಿಯಲ್ಲಿ, ಅಂಗಡಿಯೊಳಗೆ. ಸಂತೆಯಲ್ಲಿ ಒದರಿದ್ದು ತಾನು.

ಮರುದಿನ ಬೆಳಿಗ್ಗೆ ಅಯ್ಯಮ್ಮ ಎರಡೂ ಗಂಟು ಉಡಿಯಲ್ಲಿ, ಕೊಡಲಿ ಹೆಗಲ ಮೇಲೆ ಇಟ್ಟುಕೊಂಡು ಶಹಾಪುರದ ಠಾಣೆಗೆ ನಡೆದಳು. ಹಿಂದೆ ಬಾಲಪ್ಪ. ದಾರಿಯಲ್ಲಿ ಎದುರಾದವರು ಆಕೆಯ ಮುಖ ನೋಡಿ, ಕೊಡಲಿ ನೋಡಿ, ಬಾಲಪ್ಪನ ಕಡೆ ಮರುಕದಿಂದ ನೋಡಿದರು.

ಲಾಡ್ಲೇಸಾಬ ಠಾಣೆಯ ಪಡಸಾಲೆಯಲ್ಲಿ ನೆಲದ ಮೇಲೆ ಕೂತಿದ್ದ. ತಲೆಯ ಮೇಲೆ ಟೋಪಿ ಇರಲಿಲ್ಲ. ಕೆಳದುಟಿ ಊದಿಕೊಂಡಿತ್ತು. ಮಿಷನ್ ಹುಡುಕಲು ಹೋದವರು ಅವನ ಮನೆಯ ಉಣ್ಣೆ ಮೂಟೆಗಳನ್ನೆಲ್ಲ ಹರಿದು ಬೀದಿಗೆ ಸುರಿದಿದ್ದರಂತೆ. ಒಳಗೆ ಹೊಸ ಅಮೀನ, ಬಳ್ಳಾರಿ ಕಡೆಯವನು. ಅವನ ಪಕ್ಕದ ಕುರ್ಚಿಯಲ್ಲಿ, ಊರಿನ ದೊಡ್ಡವರೆಂದು, ನೀಲಕಂಠ.

“ಏನಮ್ಮಾ, ಕೊಡ್ಲಿ ಹಿಡ್ಕೊಂಡು ಬಂದಿದ್ದೀಯಾ? ಹೊರಗಿಡು ಅದನ್ನ. ಬಂದದ್ದು ಒಳ್ಳೇದಾಯ್ತು, ಹೆಬ್ಬೆಟ್ಟು ಒತ್ತು, ಕೇಸು ರೆಡಿ ಐತೆ.”

“ಒತ್ತಂಗಿಲ್ಲರಿ. ನಿನ್ನಿ ನಾ ಒದರಿದ್ದು ಸುಳ್ಳು.”

“ಸುಳ್ಳು ಹೇಳಿದ್ದಕ್ಕೆ ನಿನ್ನ ಒಳಗೆ ಹಾಕಬೇಕಾಗ್ತದೆ.”

“ಹಾಕ್ರಿ. ಮದ್ಲ ಅವನ್ನ ಹೊರಗ ಬಿಡ್ರಿ.”

ನೀಲಕಂಠ ನಕ್ಕ. “ಸಾಹೇಬ್ರ, ಸಾಬನ ಮನಿಯವರು ರಾತ್ರೋರಾತ್ರಿ ಹೋಗಿ ಇಕಿ ಕೈ ಬೆಚ್ಚಗ ಮಾಡ್ಯಾರ. ಕುರುಬರು ಪಾಪ, ಭೋಳೆ ಮಂದಿ.”

ಅಯ್ಯಮ್ಮ ಅವನ ಮುಖ ನೋಡಲಿಲ್ಲ. ನೋಡಿದ್ದರೆ ಕೊಡಲಿ ಹೊರಗೆ ಉಳಿಯುತ್ತಿರಲಿಲ್ಲ. ಕಡಿದ ರಾಣಿಯ ಎರಡು ಹೋಳು, ಮುರಿದ ಹಂದಿಯ ಎರಡು ಹೋಳು, ನಾಲ್ಕನ್ನೂ ಅಮೀನನ ಮೇಜಿನ ಮೇಲೆ ಇಟ್ಟಳು. “ಕರೇದು ಇವ ಕೊಟ್ಟದ್ದು, ಪಡಸಾಲ್ಯಾಗ ಕುಂತವ. ಬಿಳೇದು ಇವ್ರು ಕೊಟ್ಟದ್ದು, ಕುರ್ಚಿ ಮ್ಯಾಲ ಕುಂತವ್ರು. ನೀವೇ ನೋಡ್ರಿ.”

ಅಮೀನ ಹೋಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅವನ ಕಣ್ಣು ನೀಲಕಂಠನ ಕಡೆ ತಿರುಗಿತು. ನೀಲಕಂಠನ ನಗು ಮಾಯವಾಯಿತು, ಮಾತು ಮಾತ್ರ ಸಿದ್ಧವಿತ್ತು.

“ಒಂದು ಚಲೋದು ಇರ್ತದ್ರಿ. ಖೊಟ್ಟಿ ಮಾಡವ್ರು ನಡುವ ಒಂದು ಖರೇದು ಹಾಕ್ತಾರ, ನಂಬಲಿ ಅಂತ. ಉಳದವು ಏನವ ಅಂತ ಯಾರಿಗೆ ಗೊತ್ತು? ಕಡದು ನೋಡ್ಲಿ, ಎಲ್ಲಾ ಕಡದು ನೋಡ್ಲಿ. ಕಡೀತೀಯೇನು ಅಯ್ಯಮ್ಮ? ನಿನ್ನ ದರ್ಬಾರ?”

ಆಕೆ ಕಡಿಯಲಾರಳು ಎಂದು ಅವನಿಗೆ ನಂಬಿಕೆ. ಅರ್ಧ ಆಯುಷ್ಯ ಕೂಡಿಟ್ಟದ್ದು ಅದು ಎಂದು ಅವನಿಗೆ ಚೆನ್ನಾಗಿ ಗೊತ್ತು.

ಅಯ್ಯಮ್ಮ ಅಂಗಳಕ್ಕೆ ಹೋಗಿ ಕೊಡಲಿ ಎತ್ತಿಕೊಂಡಳು. ಅಮೀನ, ಪೊಲೀಸರು, ನೀಲಕಂಠ, ಎಲ್ಲರೂ ಹೊರಗೆ ಬಂದರು. ಠಾಣೆಯ ಮೆಟ್ಟಿಲಿನ ಮೇಲೆ ಬೋಳುತಲೆಯ ರಾಜನನ್ನು ಇಟ್ಟು ಕಡಿದಳು. ಬಿಳಿ. ಕಿರೀಟದ ರಾಜನನ್ನು ಕಡಿದಳು. ಬಿಳಿ. ಅವಳ ಮೊದಲ ಮಗು ಹುಟ್ಟಿದ ವರ್ಷ ಬಂದ ಚಾರ್‌ಮಿನಾರು, ಕುರಿಗೆ ಬೇನೆ ಬಂದು ಅರ್ಧ ಹಟ್ಟಿ ಖಾಲಿಯಾದ ವರ್ಷ, “ಈ ಸಲ ನಿಮಗ ಉಣ್ಣಿ ಕಡಿಮಿ, ನಾ ಮುಖ ದೊಡ್ಡದು ತಂದೀನಿ” ಎಂದು ಲಾಡ್ಲೇಸಾಬ ಇಟ್ಟ ದಪ್ಪ ಹಳೇ ರೂಪಾಯಿ, ಎರಡನ್ನೂ ಕಡಿದಳು. ಹಳೇದಕ್ಕೆ ಏಟು ಹೆಚ್ಚು ಬೇಕಾಯಿತು. ಕಡಿಯುವಾಗ ಅಯ್ಯಮ್ಮ ಅಳಲಿಲ್ಲ, ಪ್ರತಿ ಏಟಿಗೂ ಒಂದೊಂದು ಬೈಗುಳ ಹಾಕಿದಳು. ಅವೆಲ್ಲ ನೀಲಕಂಠನಿಗೋ ತನಗೋ ಎಂದು ಕೇಳುವವರಿಗೆ ತಿಳಿಯುವಂತಿರಲಿಲ್ಲ. ಪ್ರತಿ ಹೋಳೂ ಬಿಳಿ. ಆಮೇಲೆ ಬಿಳಿ ಅರಿವೆಯಲ್ಲಿ ಉಳಿದಿದ್ದವನ್ನು ಸುರಿದು ಅವನ್ನೂ ಕಡಿದಳು. ಒಂದೊಂದೇ ಏಟಿಗೆ ಪಟಪಟನೆ ಮುರಿದವು. ಒಳಗೆಲ್ಲ ಕಂಚು.

ಪೊಲೀಸನೊಬ್ಬ, “ಅಯ್ಯೋ, ಸಾಕು ಬಿಡಬೇ” ಎಂದ.

ಅಮೀನ ನೀಲಕಂಠನನ್ನು ಕೇಳಿದ. “ಏನ್ರೀ ಸಾವ್ಕಾರ್ರೆ?”

“ನಾನೂ ಮೋಸ ಹೋಗೀನಲ್ರಿ ಸಾಹೇಬ್ರ. ಯಾರೋ ಹೈದರಾಬಾದ ಕಡಿಯಾಂವ ಕೊಟ್ಟು ಹೋದ. ನಂಬಿ ತಗೊಂಡೆ, ನಂಬಿ ಕೊಟ್ಟೆ. ನಾ ತಗೊಂಡ ಎರಡು ಮರಿ ವಾಪಸು ಕೊಡ್ತೀನಿ, ಆತಲ್ಲ?”

ಅಮೀನ ಸ್ವಲ್ಪ ಹೊತ್ತು ಯೋಚಿಸುವವನಂತೆ ಮಾಡಿದ. ಆಮೇಲೆ, “ಆಗ್ತದೆ ಆಗ್ತದೆ, ವ್ಯಾಪಾರದಲ್ಲಿ” ಎಂದ. ಲಾಡ್ಲೇಸಾಬನಿಗೆ ಒಂದು ರಾತ್ರಿ ಕೊಟ್ಟ ಏಟಿನಲ್ಲಿ ಅರ್ಧದಷ್ಟು ಮಾತನ್ನೂ ನೀಲಕಂಠನಿಗೆ ಆಡಲಿಲ್ಲ. ಅಯ್ಯಮ್ಮ ಕಂಚಿನ ಚೂರುಗಳನ್ನು ಮುಷ್ಟಿ ತುಂಬಿಕೊಂಡು ನೀಲಕಂಠನ ಮುಖಕ್ಕೆ ಎಸೆದಳು. ಬಿಳಿ ಟೋಪಿ ಕೆಳಗೆ ಬಿತ್ತು. ಅಮೀನ ಗದರಿದ, ಬಾಲಪ್ಪ ಆಕೆಯ ಕೈ ಹಿಡಿದುಕೊಂಡ, ನೀಲಕಂಠ ಟೋಪಿ ಎತ್ತಿ ದೂಳು ಕೊಡವಿ ಹಾಕಿಕೊಂಡು ಅಂಗಡಿಗೆ ಹೋದ. ಅಷ್ಟೇ.

ಲಾಡ್ಲೇಸಾಬನನ್ನು ಬಿಟ್ಟರು. ಅವನು ಠಾಣೆಯ ಮೆಟ್ಟಿಲು ಇಳಿದಾಗ ಅಯ್ಯಮ್ಮ ಎದುರಿಗೆ ನಿಂತು, “ಮಾಮಾ, ತಪ್ಪಾತು” ಎಂದಳು. ಜೀವಮಾನದಲ್ಲಿ ಆಕೆ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಬಾಲಪ್ಪ ಕೇಳಿರಲಿಲ್ಲ.

ಲಾಡ್ಲೇಸಾಬ ಸಿಟ್ಟಿನಿಂದ ಆಕೆಯ ಕಡೆ ತಿರುಗಿದ. 

“ಠಾಣ್ಯಾಗ ಹೇಳಿದ್ರ ಗ್ವಾಡಿ ಕೇಳ್ತಾವ. ನೀ ಒದರಿದ್ದು ಸಂತ್ಯಾಗ. ನನ್ನ ಮನಿ ಹೆಣ್ಮಕ್ಕಳು ನಿನ್ನಿ ಬೀದ್ಯಾಗ ಕುಂತು ಉಣ್ಣಿ ಆರಸ್ಯಾರ, ಮಂದಿ ನಿಂತು ನೋಡ್ಯಾರ. ಇಪ್ಪತ್ತು ವರ್ಷ ನಿನ್ನ ಮನಿ ನೀರು ಕುಡದೀನಿ. ಒಂದು ಮಾತು, ಬಾಜೂಕ ಕರದು, ‘ಇದೇನು ಮಾಮಾ’ ಅಂತ ಕೇಳಾಕ ನಿನಗ ಬಾಯಿ ಇರಲಿಲ್ಲ? ಒದರಾಕ ಮಾತ್ರ ಅದ?” ಅವನು ಅಂಗಿಯ ತೋಳಿನಿಂದ ಬಾಯಿ ಒರೆಸಿಕೊಂಡ. “ನಿನ್ನ ಉಣ್ಣಿ ನನಗ ಬ್ಯಾಡ.”

ಅಯ್ಯಮ್ಮ ಬೆಳ್ಳಿಯ ಹೋಳುಗಳನ್ನು ಬಾಚಿ ಉಡಿಗೆ ಹಾಕಿಕೊಂಡು, ಕೊಡಲಿ ಎತ್ತಿ, ಸಗರದ ದಾರಿ ಹಿಡಿದಳು. 

ಮುಂದಿನ ಸಂತೆಗೆ ಆಕೆ ಬೆಳಿಗ್ಗೆಯೇ ಬಂದಳು. ಹಿಂದಿನ ವಾರ ನಿಂತ ಜಾಗದಲ್ಲೇ ನಿಂತು, ಅದೇ ಗಂಟಲಿನಲ್ಲಿ ಒದರಿದಳು. “ಕೇಳ್ರಿ! ಲಾಡ್ಲೇಸಾಬನ ರೂಪಾಯಿ ಖರೇದು! ಖೊಟ್ಟಿ ನೀಲಕಂಠಂದು! ಸುಳ್ಳು ನಂದು!”

ಯಾರೂ ಬರಲಿಲ್ಲ. ಹೋದ ವಾರ ಓಡಿ ಬಂದು ಸುತ್ತುಗಟ್ಟಿದ್ದ ಜನ ಇಂದು ಬದನೆಕಾಯಿ ಚೌಕಾಸಿ ಬಿಟ್ಟು ತಲೆಯೆತ್ತಲಿಲ್ಲ. ಬಳೆ ಮಾರುವ ಮಲ್ಲಾಬಾಯಿ, “ಅಕಿಗಿ ದಿನಾ ಒಬ್ಬರು ಬೇಕು ಬೈಯಾಕ” ಎಂದು ಪಕ್ಕದವಳಿಗೆ ಹೇಳಿ ನಕ್ಕಳು. ಇನ್ನೊಬ್ಬ, “ಸಾಬ ಎಷ್ಟು ಕೊಟ್ಟಬೇ?” ಎಂದು ಕೂಗಿ ಹೋದ. ಅಯ್ಯಮ್ಮ ಒಬ್ಬೊಬ್ಬರ ಮುಂದೆ ಹೋಗಿ ನಿಂತು ಹೇಳಿದಳು. ತಲೆಯಾಡಿಸಿದರು. “ಹೌದೇನು? ಹೋಗ್ಲಿ ಬಿಡು” ಎಂದರು. ಸುಳ್ಳಿಗೆ ಇದ್ದ ಕಿವಿ ಖರೆಯ ಮಾತಿಗೆ ಯಾರ ಹತ್ತಿರವೂ ಇರಲಿಲ್ಲ.

ಲಾಡ್ಲೇಸಾಬ ಹರಿದ ಮೂಟೆಗಳಿಗೆ ಹೊಲಿಗೆ ಹಾಕಿಸಿಕೊಂಡು ಬಂದು ತಕ್ಕಡಿ ಕಟ್ಟಿದ್ದ. ಉಣ್ಣೆಯವರು ಬಂದರು, ಯಾಕೆಂದರೆ ಕೊಳ್ಳುವವನು ಬೇರೆ ಇರಲಿಲ್ಲ. ವಡಗೇರಾ ಕಡೆಯ ಸಾಬಣ್ಣ ಎಂಬ ಕುರುಬ ಉಣ್ಣೆ ತೂಗಿಸಿ, ಲಾಡ್ಲೇಸಾಬ ಕೊಟ್ಟ ರೂಪಾಯಿಗಳನ್ನು ಹಿಡಿದು ಪಕ್ಕದಲ್ಲಿದ್ದ ಒಂದು ಹಳೇ ಗಾಣದ ಕಲ್ಲಿನ ಹತ್ತಿರ ಹೋಗಿ, ಒಂದೊಂದನ್ನೂ ಬಡಿದು, ಕಿವಿ ಕೊಟ್ಟು ಕೇಳಿದ. ಅವನ ಹಿಂದಿನವನೂ ಹಾಗೆಯೇ. ಅವನ ಹಿಂದಿನವನೂ. ಲಾಡ್ಲೇಸಾಬ ತಕ್ಕಡಿಯ ಮುಳ್ಳು ನೋಡುತ್ತ ನಿಂತಿದ್ದ. ಠಣ್ ಎಂದಾಗಲೆಲ್ಲ ಅವನ ಕುತ್ತಿಗೆ ಸ್ವಲ್ಪ ಒಳಗೆ ಹೋಗುತ್ತಿತ್ತು.

ಅಯ್ಯಮ್ಮ ನೋಡಿದಳು. ಎದುರಿಗೆ ನೀಲಕಂಠನ ಅಂಗಡಿಯೂ ಕಾಣುತ್ತಿತ್ತು. ಅಲ್ಲಿ ಹಾಲಿ ಕೊಟ್ಟು ಕಲ್ದಾರ ತೆಗೆದುಕೊಂಡು ಹೋಗುವವರ ಸಾಲು. ಅಲ್ಲಿ ಯಾರೂ ಬಡಿದು ನೋಡುತ್ತಿರಲಿಲ್ಲ. ಕೈಮುಗಿದು, ಎಣಿಸದೆ, ಉಡಿಗೆ ಹಾಕಿಕೊಳ್ಳುತ್ತಿದ್ದರು.

ಆಕೆ ಬಿರಬಿರನೆ ಹೋಗಿ ಗಾಣದ ಕಲ್ಲಿನ ಮೇಲೆ ಕೂತಳು. ಸೀರೆ ಹರಡಿ, ಕಲ್ಲು ಒಂದಿಷ್ಟೂ ಕಾಣದಂತೆ.

“ಏಳಬೇ, ರೂಪಾಯಿ ಬಡೀಬೇಕು” ಎಂದ ಮುಂದಿನ ಪಾಳಿಯವನು.

“ಬಡಿಯಂಗಿಲ್ಲ.”

“ಕಲ್ಲೇನು ನಿಮ್ಮಪ್ಪಂದೇನು?”

“ಹೌದು, ನಮ್ಮಪ್ಪಂದು. ಅಲ್ಲಿ ಹೋಗಿ ಬಡಿ,” ಎಂದು ನೀಲಕಂಠನ ಅಂಗಡಿಯ ಕಡೆ ಕೈ ಮಾಡಿದಳು. “ಅವನ ಕಟ್ಟಿ ಕಲ್ಲು ಇದಕ್ಕಿಂತ ಚಲೋ ಅದ. ಅಲ್ಲಿ ಒಂದು ಬಡದು ಬಾ, ಆಮ್ಯಾಲ ನಾ ಏಳ್ತೀನಿ.”

ಅವನು ಅಂಗಡಿಯ ಕಡೆ ನೋಡಿದ, ಹೋಗಲಿಲ್ಲ. “ಸಾಬಾ, ಇಕಿನ್ನ ಎಬ್ಬಸು” ಎಂದ.

ಲಾಡ್ಲೇಸಾಬ ಅಯ್ಯಮ್ಮನ ಕಡೆ ತಿರುಗಿದ. ಮುಖದಲ್ಲಿ ಇನ್ನೂ ಸಿಟ್ಟು ಇತ್ತು. “ಏಳು. ಬಡೀಲಿ ಬಿಡು. ಬಡದ್ರ ನನಗೇನು ಆಗಂಗಿಲ್ಲ.”

“ನಿನಗ ಆಗಂಗಿಲ್ಲ. ನನಗ ಆಗ್ತದ.”

“ಹೊತ್ತು ಮುಣುಗೂ ತನಕ ಕುಂದ್ರತೀಯೇನು?”

“ಕುಂದ್ರತೀನಿ. ಮುಂದಿನ ಸಂತಿಗೂ ಬಂದು ಕುಂದ್ರತೀನಿ.”

ಪಾಳಿಯವನು ಬೈದುಕೊಂಡು ತನ್ನ ಉಣ್ಣೆಯ ಗಂಟು ಎತ್ತಿಕೊಂಡು ಹೋದ. ಅವನ ಹಿಂದೆ ಮಾಳಮ್ಮ ಎಂಬ ಮುದುಕಿ ಇದ್ದಳು. ಆಕೆ ಒಮ್ಮೆ ಕಲ್ಲಿನ ಮೇಲಿನ ಅಯ್ಯಮ್ಮನನ್ನು, ಒಮ್ಮೆ ಲಾಡ್ಲೇಸಾಬನನ್ನು ನೋಡಿ, “ನನಗ ಬಿಸಲಾಗ ನಿಂದ್ರಾಕ ಆಗವಲ್ದಪ್ಪ” ಎನ್ನುತ್ತಾ ತನ್ನ ಉಣ್ಣೆಯನ್ನು ತಕ್ಕಡಿಗೆ ಸುರಿದಳು. ಲಾಡ್ಲೇಸಾಬ ತೂಗಿ ರೂಪಾಯಿ ಕೊಟ್ಟ. ಮುದುಕಿ ಅವನ್ನು ಸೊಂಟದ ಸಂಚಿಗೆ ಹಾಕಿ, ಸಂಚಿಯ ಬಾಯಿ ಬಿಗಿದು, ಹೋದಳು.

ಲಾಡ್ಲೇಸಾಬ ಮುಂದಿನವರ ಗಂಟು ಬಿಚ್ಚಿದ. ಅಯ್ಯಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬರುವವರನ್ನೆಲ್ಲ ಗುರಾಯಿಸುತ್ತ ಕಲ್ಲಿನ ಮೇಲೆ ಇನ್ನಷ್ಟು ಬಿಗಿಯಾಗಿ ಕೂತಳು.